ಸಾಕು

ನಮೂನೆಯ ಮೇಲೆ ಏಳು ಚೌಕ, ಸೊನ್ನೆಯಿಂದ ಆರು.
ಸೊನ್ನೆಯೆಂದರೆ ಎಂದೂ ಇಲ್ಲ, ಆರೆಂದರೆ ದಿನಾ.
ಮನಿಲಾದ ದಾದಿಗೂ ಹೆಲ್ಸಿಂಕಿಯ ಅಂಚೆಯವನಿಗೂ ಇದೇ ಏಳು ಚೌಕವಂತೆ;
ಕಾಸರಗೋಡಿನ ಕನ್ನಡಕ್ಕೆ ನಾನು,
ತಿಂಗಳಿಗೆ ಹನ್ನೆರಡು ಸಾವಿರ, ಬಸ್ಸಿನ ಖರ್ಚು ಬೇರೆ.

ಮೊದಲ ಕರಡಿನಲ್ಲಿ ನಿಘಂಟು ನೋಡಿ ಬರೆದಿದ್ದೆ:
‘ಕೆಲಸದಿಂದ ನೀವು ಸುಟ್ಟುಹೋಗಿದ್ದೀರಾ?’
ಬದಿಯಡ್ಕದ ಆಸ್ಪತ್ರೆಯಲ್ಲಿ ಹಿಲ್ಡಾ ಕ್ರಾಸ್ತಾ
ಕನ್ನಡಕ ಹಣೆಗೇರಿಸಿ ಓದಿದರು.
‘ಸುಟ್ಟವರನ್ನು ನಾವಿಲ್ಲಿ ಇಟ್ಟುಕೊಳ್ಳುವುದಿಲ್ಲ ಮಾರಾಯ್ರೆ,
ಮಂಗಳೂರಿಗೆ ಬರೆದು ಕೊಡುತ್ತೇವೆ.’

ಎರಡನೇ ಕರಡು. ಬೆಂಕಿ ತೆಗೆದೆ, ದಣಿವು ಹಾಕಿದೆ.
ದಣಿವೆಂದರೆ ಗದ್ದೆಯಿಂದ ಬಂದವರದಲ್ಲವಾ, ಅಂದರು,
ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ, ಮುಗಿಯಿತು.
ಇದು ಅದಲ್ಲ.
ಮತ್ತೆ ಯಾವುದು, ಕೇಳಿದೆ.
ಅಷ್ಟರಲ್ಲಿ ಜೀಪು ಹಾರ್ನ್ ಹಾಕಿತು.

ಹಿಂದಿನ ಸೀಟಿನಲ್ಲಿ ಹತ್ತಿಯ ಪೊಟ್ಟಣ, ಕ್ಯಾಥೆಟರ್, ನಾನು.
ಪೆರ್ಲದ ಆಚೆ ರಸ್ತೆ ಮುಗಿದಲ್ಲಿ ಇಳಿದರೆ
ಮುರಕಲ್ಲಿನ ಮೆಟ್ಟಿಲು, ಎಂಬತ್ತೋ ತೊಂಬತ್ತೋ.
ಒಂದು ಮನೆಯಲ್ಲಿ ತುಳು, ಮುಂದಿನದರಲ್ಲಿ ಮಲಯಾಳ,
ಬ್ಯಾರಿಯಲ್ಲಿ ಬೈದ ಅಜ್ಜಿಗೆ ಬ್ಯಾರಿಯಲ್ಲೇ ಜವಾಬು,
ಅಂಗಳ ದಾಟುವಾಗ ಕೊಂಕಣಿಯಲ್ಲಿ ತನ್ನಷ್ಟಕ್ಕೆ ಏನೋ.
ಬೆನ್ನಿನ ಹುಣ್ಣು ತೊಳೆಯುವಾಗ ಮಾತ್ರ ಯಾವ ಭಾಷೆಯೂ ಇಲ್ಲ.
ಉಸಿರು ಹಿಡಿದಿರುತ್ತಾರೆ.

ಐದನೇ ಮನೆಯ ಚಿರುತೆ ಗಂಜಿ ಬಡಿಸದೆ ಬಿಡಲಿಲ್ಲ.
ಹಿಲ್ಡಾ ಬಟ್ಟಲಿಗೆ ಕೈ ಅಡ್ಡ ಹಿಡಿದು ‘ಮದಿ, ಮದಿ’ ಅಂದರು.
ಬೆರಳ ಸಂದಿಯಿಂದಲೇ ಬಿತ್ತು ಇನ್ನೊಂದು ಸೌಟು.

ಮದಿ. ತುಳುವಿನಲ್ಲಿ ಯಾವು. ಕೊಂಕಣಿಯಲ್ಲಿ ಪುರೊ.
ಸಿಕ್ಕಿತು ಅನ್ನಿಸಿತು ನನಗೆ.
ಆ ರಾತ್ರಿ ಕುಂಬಳೆಯ ಕೋಣೆಯಲ್ಲಿ ಕೂತು
ಹದಿನೆಂಟೂ ಪ್ರಶ್ನೆ ತಿದ್ದಿದೆ.
‘ಸಾಕಾಗಿದೆ ಅನ್ನಿಸುತ್ತದೆಯೆ? ಎಷ್ಟು ಸಲ?’

ಹಿಲ್ಡಾ ಆರಕ್ಕೆ ಗುರುತು ಹಾಕಿದರು,
ಕೆಳಗಿನ ಹಾಳೆಯಲ್ಲೂ ಮೂಡುವಷ್ಟು ಒತ್ತಿ.
ತಲಪಾಡಿ ಬಸ್ಸಿನ ಕಂಡಕ್ಟರ್ ಐತಪ್ಪ ನಿಂತಲ್ಲೇ ಆರು,
ಚಿಲ್ಲರೆಯ ಹಾಗೆ ನನ್ನ ಕೈಗೆ ಹಾಕಿ ಮುಂದೆ ಹೋದ.
ಅಕ್ಷಯ ಕೇಂದ್ರದ ಮಿಸ್ರಿಯಾ ಐದು ಬರೆದು,
ಸರತಿಯ ಕಡೆ ನೋಡಿ,
ಹೊಡೆದು ಹಾಕಿ ಆರು.

ನಿಯಮವೊಂದು ಉಂಟು: ಮೂಲ ನೋಡದ ಇನ್ನೊಬ್ಬರು
ನನ್ನ ಕನ್ನಡವನ್ನು ಬಂದ ಭಾಷೆಗೇ ತಿರುಗಿಸಬೇಕು.
ಯಾರೋ ತಿರುಗಿಸಿದರು.
ಮೂರು ವಾರದ ಮೇಲೆ ದೊಡ್ಡ ಆಫೀಸಿನ ಫೋನು:
‘ಉಳಿದ ಕಡೆಯೆಲ್ಲ ಬಳಲಿಕೆ, ನಿಮ್ಮವರಿಗೆ ಮಾತ್ರ ತೃಪ್ತಿ?
ಅದೂ ದಿನಾ ತೃಪ್ತಿ!
ನಿಮ್ಮ ಸಂಸ್ಕೃತಿಯಲ್ಲೇ ಏನೋ ಇದೆ,
ಇದರ ಮೇಲೇ ಒಂದು ಲೇಖನ ಬರೆಯಬಹುದು.’

ಸಾಕಾಗಿದೆ. ಸಾಕಷ್ಟಿದೆ.
ಅಷ್ಟೇ ದೂರ ಜಾರಿದ್ದು, ಆರುಗಳೆಲ್ಲ.

ಹೇಗೆ ಹೇಳಲಿ, ನಾವಿಲ್ಲಿ ನಾಯಿಯನ್ನು ಸಾಕುತ್ತೇವೆ,
ಮಕ್ಕಳನ್ನು ಸಾಕುತ್ತೇವೆ,
ಸಂಬಳಕ್ಕೆ ಕೆಲವರು, ಮಲಗಿದಲ್ಲೇ ಉಳಿದ ಪರರ ಅಪ್ಪನನ್ನು;
ಸಾಕುವುದು ಯಾವ ಮೆಟ್ಟಿಲಲ್ಲಿ ಸಾಕಾಯಿತೆಂದು
ಏರುವಾಗ ಯಾರೂ ಎಣಿಸಿಕೊಂಡಿಲ್ಲ.
ಹೇಳಲಿಲ್ಲ. ‘ಮತ್ತೊಮ್ಮೆ ವಿಚಾರಿಸುತ್ತೇನೆ ಸರ್’ ಅಂದೆ.
ಆ ತಿಂಗಳ ಹಣ ಇನ್ನೂ ಬಂದಿರಲಿಲ್ಲ.

ಗುರುವಾರ ಹೊಸ ನಮೂನೆ ಹಿಡಿದು ಹೋದೆ.
ಡ್ರೆಸ್ಸಿಂಗ್ ಕೋಣೆಯಲ್ಲಿ ಹಿಲ್ಡಾ, ಮಡಿಲಲ್ಲಿ ಯಾರದೋ ಪಾದ.
ತಲೆಯೆತ್ತದೆ ಕೇಳಿದರು, ‘ಎಷ್ಟು ಪ್ರಶ್ನೆ?’
‘ಹದಿನೆಂಟು. ಮೊದಲಿನವೇ.’
ಅಯೋಡಿನ್ ಮೆತ್ತಿದ ಕೈಯನ್ನು
ಹಾಳೆಗೆ ಅಡ್ಡ ಹಿಡಿದರು, ಸ್ವಲ್ಪ ಹೊತ್ತು.
ಐದು ಬೆರಳು ಕಂದಾಗಿ ಮೂಡಿದವು
ಸೊನ್ನೆಯ ಮೇಲೂ ಆರರ ಮೇಲೂ, ಅಂಚಿನ ಬಿಳಿಯ ಮೇಲೂ.

ಆಮೇಲೆ ಬಾಗಿಲಿನತ್ತ ಕೂಗಿದರು:
‘ಹತ್ತೊಂಬತ್ತನೇ ಟೋಕನ್ ಯಾರದು? ಬನ್ನಿ.’