ಶಾಲೆ ಬಿಟ್ಟ ಕಾರಣ

ಎರಡು ಪುಟ ಸಾಕು ಅಂದರು ಹೆಡ್‌ಮೇಡಂ,
ಅಮೃತಮಹೋತ್ಸವದ ಸಂಚಿಕೆಗೆ:
ಸ್ಥಾಪನೆ, ಬೆಳವಣಿಗೆ, ಸದ್ಯದ ವ್ಯವಸ್ಥೆ.
'ನೀವೇ ಬರೀರಿ ಪಂಕಜಾಕ್ಷಿ, ಬೀರುವಿನ ಬೀಗದಕೈ
ಮೂವತ್ತೊಂದು ವರ್ಷದಿಂದ ನಿಮ್ಮ ಸೊಂಟದಲ್ಲೇ ಇದೆಯಲ್ಲ.'

ಹಳೆಯ ದಾಖಲಾತಿ ಪುಸ್ತಕದ ಬೆನ್ನು ಬಿಟ್ಟಿದೆ.
ಗೆದ್ದಲು ಅಂಚನ್ನೆಲ್ಲ ತಿಂದು
ಹೆಸರುಗಳ ಹೊಸ್ತಿಲ ತನಕ ಬಂದು, ಯಾಕೋ,
ಒಳಗೆ ಕಾಲಿಟ್ಟಿಲ್ಲ.

ಮೊದಲ ಶಾಲೆ ಬೆಲ್ಲದ ಮಂಡಿಯ ಹಿಂದಿನ ಗೋದಾಮು.
ಹದಿಮೂರು ಹುಡುಗಿಯರು, ಒಂದು ಕಪ್ಪುಹಲಗೆ,
ಸ್ಲೇಟಿಗೆ ಅಂಟುವ ಪಾಕ.
ಮಂಡ್ಯದಲ್ಲಿ ಆಗ ಅಕ್ಷರಕ್ಕೂ ಇರುವೆ ಮುತ್ತುತ್ತಿತ್ತು.
ಗಂಟೆ ಕೊಳ್ಳಲು ದುಡ್ಡಿಲ್ಲ, ಸಕ್ಕರೆ ಕಂಪನಿಯ ಕೂಗೇ ಗಂಟೆ.
ಮುಷ್ಕರದ ವರ್ಷ ಕಂಪನಿ ಕೂಗಲೇ ಇಲ್ಲವಂತೆ,
ಶೆಲ್ವಮ್ಮ ಟೀಚರು ದೀಪ ಹಚ್ಚುವ ಹೊತ್ತಿನ ತನಕ
ಭಾಗಾಕಾರ ಮಾಡಿಸುತ್ತಲೇ ಇದ್ದರಂತೆ.

ಖರ್ಚಿನ ಪುಸ್ತಕ: ಕಮಾನು ಗಾಡಿಗೆ ತಿಂಗಳಿಗೆ ಆರು ರೂಪಾಯಿ,
ಎತ್ತಿನ ಹುಲ್ಲು ಬೇರೆ, ಪರದೆ ಬಟ್ಟೆ ಮೂರು ಗಜ.
ಗಾಡಿಯ ಮುಂದೆ ನಡೆಯುತ್ತಿದ್ದವಳು ಕೆಂಪಾಜಮ್ಮ,
ಮನೆಮನೆಯ ಜಗಲಿ ಮುಂದೆ ನಿಂತು
'ಕಳಿಸ್ರವ್ವಾ ಮಗೀನ, ನಾನಿವ್ನಿ' ಅನ್ನುವವಳು.
ಅವಳಿಗೆ ಓದು ಬಾರದು.
ಬಾರದ ಹುಡುಗಿಗೊಂದು ಗಂಟು, ಸೆರಗಿನ ತುದಿಗೆ.
ಸಂಜೆ ಆ ಮನೆಗಳಿಗೆ ಹೋಗಿ
ಗಂಟು ಬಿಚ್ಚಿಕೊಂಡು ಬರುವಳು,
ಇಲ್ಲವೇ ಬಿಚ್ಚದೆ.
ಸಂಬಳದ ಪಟ್ಟಿಯಲ್ಲಿ ಅವಳ ಹೆಬ್ಬೆಟ್ಟು
ಹೆಡ್‌ಮಿಸ್ಟ್ರೆಸ್ಸರ ರುಜುವಿಗಿಂತ ದೊಡ್ಡದು.

ಆಡಳಿತ ಮಂಡಳಿ: ಏಳು ಜನ, ಏಳೂ ಗಂಡಸರು.
ನಡಾವಳಿ ಪುಸ್ತಕದಲ್ಲಿ ಕಾಂಪೌಂಡು ಗೋಡೆ
ಎರಡಡಿ ಏರಿತು, ಮತ್ತೆರಡಡಿ ಏರಿತು.
ಪಾಯಿಖಾನೆಯ ವಿಷಯ ಹನ್ನೊಂದು ಸಲ
'ಮುಂದಿನ ಸಭೆಗೆ.'

ಆಟಕ್ಕೆ ನಾಲ್ಕು ದಳ:
ಕಾವೇರಿ, ಹೇಮಾವತಿ, ಶಿಂಷಾ, ಲೋಕಪಾವನಿ.
ಲೋಕಪಾವನಿ ಗೆದ್ದ ದಾಖಲೆ ಎಲ್ಲೂ ಇಲ್ಲ.
ನಾನೂ ಅದೇ ದಳದವಳು. ಬೇಸಿಗೆಗೆ ಬತ್ತುವ ಹೊಳೆಯ ಹೆಸರಿಟ್ಟು
ಓಡು ಅಂದರೆ ಹೇಗೆ?

ಹುಟ್ಟಿದ ತಾರೀಖು ಯಾರ ಮನೆಯಲ್ಲೂ ಗೊತ್ತಿಲ್ಲ.
'ಗೌರಿಹಬ್ಬದ ಆಚೆವಾರ', 'ಕಟ್ಟೆ ತುಂಬಿದ ವರ್ಷ'.
ಶೆಲ್ವಮ್ಮ ಹಲ್ಲು ನೋಡಿ, ಎತ್ತರ ನೋಡಿ
ಎಲ್ಲರಿಗೂ ಜೂನ್ ಒಂದು ಬರೆದರು.
ಇಡೀ ತರಗತಿಗೆ ಒಂದೇ ಹುಟ್ಟುಹಬ್ಬ, ಯಾರೂ ಆಚರಿಸದ್ದು.

ಆಮೇಲೆ ಆ ಇನ್ನೊಂದು ಕಾಲಂ.
ತಂದೆಯ ಹೆಸರಾದರೆ ಬಿನ್, ಗಂಡನದಾದರೆ ಕೋಂ.
ಹನ್ನೊಂದು ವಯಸ್ಸಿನ ದುಂಡಮ್ಮನಿಗೆ ಯಾರೋ ಬರೆದಿದ್ದಾರೆ:
ಕೋಂ ಕಾಳೇಗೌಡ.
ಅದರ ಮೇಲೆ ಕೆಂಪು ಮಸಿಯ ಒಂದೇ ಗೀಟು,
ಪಕ್ಕದಲ್ಲಿ ಶೆಲ್ವಮ್ಮನ ಅಕ್ಷರ, ಇಕ್ಕಟ್ಟಾಗಿ:
'ಇಲ್ಲಿ ಎಲ್ಲರೂ ಬಿನ್.'

ಕೊನೆಯ ಕಾಲಂ, ಶಾಲೆ ಬಿಟ್ಟ ಕಾರಣ:
ಮದುವೆ. ಮದುವೆ. ದೊಡ್ಡವಳಾದ ಪ್ರಯುಕ್ತ.
ತಂದೆಗೆ ವರ್ಗ. ತಮ್ಮನನ್ನು ನೋಡಿಕೊಳ್ಳಲು.
ಅಲ್ಲಿಂದ ಕೆಳಕ್ಕೆ 'ಮೇಲಿನಂತೆ' ಅನ್ನುವ ಜೋಡಿ ಗೀಟು
ಪುಟದುದ್ದ, ಗುಬ್ಬಿ ನಡೆದ ಹಾಗೆ.
ಹದಿನೇಳನೇ ಪುಟದಲ್ಲಿ ಮೊದಲ ಸಲ,
ಜಬೀನ್ ತಾಜ್: 'ವ್ಯಾಸಂಗ ಪೂರೈಸಿದ್ದಾರೆ.'
ಗುಮಾಸ್ತನಿಗೆ ರೂಢಿಯಿಲ್ಲದ ಮಾತು,
ಎರಡು ಸಲ ಹೊಡೆದುಹಾಕಿ ಬರೆದಿದ್ದಾನೆ.

ನನ್ನದೂ ಇದೆ, ನಾಲ್ಕು ಸಾವಿರದ ಚಿಲ್ಲರೆ ನಂಬರು:
'ಮನೆಯ ಅನಾನುಕೂಲ.'
ಮೂರು ವರ್ಷ ಬಿಟ್ಟು ಮರುಸೇರ್ಪಡೆ.
ನಡುವಿನದಕ್ಕೆ ಕಾಲಂ ಇಲ್ಲ.
ಇದ್ದಿದ್ದರೂ ತುಂಬುತ್ತಿರಲಿಲ್ಲ.

ದುಂಡಮ್ಮನ ಸಾಲಿನ ಕೊನೆ ಖಾಲಿ.
ಬಿಟ್ಟ ತಾರೀಖಿಲ್ಲ, ಕಾರಣವಿಲ್ಲ,
ಟಿ.ಸಿ. ಒಯ್ದ ರುಜುವಿಲ್ಲ, ಹೆಬ್ಬೆಟ್ಟೂ ಇಲ್ಲ.

ಎರಡು ಪುಟ ಮುಗಿಸಿದೆ:
ಸ್ಥಾಪನೆ, ಬೆಳವಣಿಗೆ, ದಾನಿಗಳು, ಗೋಡೆಯ ಎತ್ತರ.
ಸದ್ಯದ ವ್ಯವಸ್ಥೆ: ಕೊಠಡಿ ಇಪ್ಪತ್ತೆರಡು,
ಹೆಣ್ಣುಮಕ್ಕಳು ಆರುನೂರ ಹನ್ನೆರಡು.
ಪೆನ್ನಿನ ಮುಚ್ಚಳ ಹಾಕಿ
ಮತ್ತೆ ಎಣಿಸತೊಡಗಿದೆ.