ಒಂದು ಮೀಟರಿನ ಚೌಕ

ಅರ್ಜಿ ತುಂಬುವ ಕಿಟಕಿಯಲ್ಲಿ ಗುಮಾಸ್ತ ಕೇಳಿದ್ದ:
‘ಪರಿಸರ ವಿಜ್ಞಾನ ಯಾಕವ್ವಾ, ಕೆಮಿಸ್ಟ್ರಿಯೊಳಗ ಸೀಟು ಅವಲ್ಲ?’
ತಿರುಗಲಿಕ್ಕೆ, ಅಂದೆ. ನಕ್ಕ. ಮುದ್ರೆ ಒತ್ತಿದ.

ನನಗೆ ಬೇಕಿದ್ದುದು ಇಷ್ಟೇ:
ಬೀದರಿನ ಕೋಟೆ ಬೆನ್ನಿಗೆ ಬಿದ್ದ ಮೇಲೆ ಶುರುವಾಗುವ
ಆ ಕೆಂಪು ಮುರಂ ಬಯಲು,
ಕಣ್ಣು ದಣಿದರೂ ಮುಗಿಯದ ಕರಡ,
ಅದರೊಳಗೆ ಕಿವಿ ಮಾತ್ರ ತೋರಿಸಿ ನಿಂತ ಚಿಗರಿ.
ಎಂಟನೆಯ ಇಯತ್ತೆಯಿಂದಲೂ ಅಪ್ಪನ ಸೈಕಲ್ ಕೇಳದೆ ಒಯ್ದು
ಅಲ್ಲಿಗೆ ಹೋದವಳು ನಾನು;
ಸಂಜೆ ಚೂಡಿದಾರದ ಅಂಚಿನ ತುಂಬ ಹುಲ್ಲಿನ ಮುಳ್ಳು,
ಅವ್ವ ಒಂದೊಂದೇ ಕೀಳುತ್ತ ಬೈಯುವಳು.
ಎಲ್ಲಿಗೆ ಹೋಗಿದ್ದೆನೆಂದು
ಬಟ್ಟೆಯೇ ಹೇಳಿಬಿಡುತ್ತಿತ್ತು.

ಆದರೆ ಎರಡು ವರ್ಷ ನನ್ನನ್ನು ಒಳಗೇ ಕೂರಿಸಿದರು.
ನದಿ ಎಂದರೆ ಮುನ್ನೂರು ಮಿಲಿಲೀಟರಿನ ಸೀಸೆ,
ಗಾಳಿ ಎಂದರೆ ಫಿಲ್ಟರ್ ಕಾಗದದ ಮೇಲಿನ ಕಪ್ಪು,
ಮಣ್ಣು ಎಂದರೆ ಜರಡಿ, ಮತ್ತೆ ಜರಡಿ.
ಝೆರಾಕ್ಸ್ ಅಂಗಡಿಯ ಬಿಸಿ ಹಾಳೆಯಲ್ಲಿ
ಹುಲ್ಲುಗಾವಲಿಗೆ ಐದು ಅಂಕದ ಉತ್ತರ.
ಫ್ಯಾನಿನ ಕೆಳಗೆ ನಾನದನ್ನು ಬಾಯಿಪಾಠ ಮಾಡುವಾಗ
ಕಿಟಕಿಯಾಚೆ ಬಿಸಿಲು, ಖರೇ ಬಿಸಿಲು, ಸುಮ್ಮನೆ ಬಿದ್ದಿತ್ತು.

ಮೂರನೆಯ ವರ್ಷದ ಏಪ್ರಿಲ್. ವೈಜಿನಾಥ ಸರ್
ನಾಲ್ಕು ಬಿದಿರ ಕಡ್ಡಿ, ಕೆಂಪು ದಾರ ತಂದು
ಒಂದು ಮೀಟರಿನ ಚೌಕ ಕಟ್ಟಿಸಿದರು.
ಬಯಲಿಗೆ ಬೆನ್ನು ಹಾಕಿ ನಿಲ್ಲಬೇಕು,
ತಲೆಯ ಮೇಲಿಂದ ಹಿಂದಕ್ಕೆ ಎಸೆಯಬೇಕು,
ಬಿದ್ದಲ್ಲಿ ಕೂತು ಎಣಿಸಬೇಕು.
ಅಷ್ಟೊಂದು ಬಯಲು, ನನ್ನ ಪಾಲಿಗೆ ಒಂದು ಚಾಪೆಯಷ್ಟು!

ಮೊದಲ ಎಸೆತ: ಗರಿಕೆ ಹನ್ನೊಂದು, ಉತ್ತರಾಣಿ ಎರಡು,
ನೆಗ್ಗಿಲು ಒಂದು, ಅದನ್ನು ಎಣಿಸಿದ್ದು ನನ್ನ ಮೊಣಕಾಲು.
ಎರಡನೆಯದು: ಕಾಂಗ್ರೆಸ್ ಕಸ ಇಪ್ಪತ್ತಾರು.
ಅದರ ಲ್ಯಾಟಿನ್ ಹೆಸರು ಬರೆದರೆ ಅರ್ಧ ಅಂಕ ಹೆಚ್ಚು,
ಕೈಗೆ ತುರಿಕೆ ಅಷ್ಟೇ.
ಮೂರನೆಯದು ಬಿದ್ದಲ್ಲಿ ಏನೂ ಇರಲಿಲ್ಲ.
ಕೆಂಪು ಕಲ್ಲು. ಅದರ ತೂತಿನಲ್ಲಿ ಸಿಕ್ಕಿದ ಗುಟ್ಖಾ ಚೀಟಿ.

ನುಸ್ರತ್ ಮೆಲ್ಲಗೆ ಅಂದಳು: ‘ಜರಾ ಅತ್ತಾಗ ಸರಸು,
ತಂಗಡಿ ಹೂ ಬಿಟ್ಟದ ನೋಡು, ಫೋಟೋನೂ ಚಂದ ಬರ್ತದ.’
ನಾನು ಬಗ್ಗಿ ಕಡ್ಡಿ ಹಿಡಿದೂ ಆಗಿತ್ತು.
‘ಮುಟ್ಟಬ್ಯಾಡ್ರಿ,’ ದೂರದ ಜಾಲಿ ನೆರಳಿನಿಂದ ಸರ್.
‘ಚಂದ ಇದ್ದದ್ದೇ ಎಣಿಸ್ಲಾಕ ಬಂದೀರೇನು?
ಏನೂ ಇಲ್ಲ ಅಂದ್ರ, ಏನೂ ಇಲ್ಲ ಅಂತ ಬರೀರಿ.’

ಬರೆದೆ. ಸೊನ್ನೆ.
ನನ್ನ ಬಯಲಿನ ಬಗ್ಗೆ ನಾನೇ, ನನ್ನ ಕೈಯಾರೆ.
ಚಾಡಿ ಹೇಳಿದ ಹಾಗಾಯಿತು.

ಆಗ ಅದು ಕೂಗಿತು.
ಟಿಟ್ಟಿಭ, ತಲೆಯ ಮೇಲೇ ಸುತ್ತು ಹಾಕುತ್ತ,
ಹಳದಿ ಕಾಲು ಇಳಿಬಿಟ್ಟು, ಊರಿಗೆಲ್ಲ ಕೇಳುವಂತೆ.
ಹೆಜ್ಜೆ ಎತ್ತಿದವಳು ಎತ್ತಿದಲ್ಲೇ ನಿಂತೆ.
ದಾರದಿಂದಾಚೆ, ನಾಲ್ಕು ಬೆರಳು ದೂರ,
ಕಲ್ಲುಗಳ ನಡುವೆ ನಾಲ್ಕು ಕಲ್ಲು
ಕಲ್ಲಾಗಿರಲಿಲ್ಲ.
ಗೂಡೆಂಬುದಿಲ್ಲ, ಹುಲ್ಲಿನ ಎಳೆಯೂ ಇಲ್ಲ;
ಚುಕ್ಕೆ ಚುಕ್ಕೆಯ ಮೊಟ್ಟೆ, ಚೂಪು ತುದಿ ಒಳಗಾಗಿ,
ಬರೀ ನೆಲದ ಭರವಸೆಯಲ್ಲಿ.

ಚೌಕದ ಹೊರಗೆ. ಲೆಕ್ಕಕ್ಕೆ ಬರುವುದಿಲ್ಲ.
ನುಸ್ರತ್ ನನ್ನ ಮುಖ ನೋಡಿದಳು, ನಾನು ಅವಳದು.
ಈ ಸಲ ಸರಸು ಎಂದು ಇಬ್ಬರೂ ಅನ್ನಲಿಲ್ಲ.
ಬಂದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಹಿಂದೆ ಸರಿದೆವು,
ಚೌಕವನ್ನು ಉದ್ದ ಕೋಲಿನಿಂದ ಎಳೆದುಕೊಂಡು.

ಕೋಷ್ಟಕದ ಮೂರನೆಯ ಸಾಲು ಈಗಲೂ ಸೊನ್ನೆ.
ಅಂಚಿನಲ್ಲಿ ಪೆನ್ಸಿಲಿನ ಒಂದು ಸಣ್ಣ ನಕ್ಷೆ.
ವೈವಾದ ದಿನ ಕಲಬುರಗಿಯಿಂದ ಬಂದ ಪರೀಕ್ಷಕರು
ಕನ್ನಡಕ ಏರಿಸಿ ಕೇಳಿದರು: ‘ಇದೇನು, ಸಿಲೆಬಸ್ಸಿನಾಗಿಲ್ಲ?’
‘ಮರುದಿನ ಎರಡನೇ ಬ್ಯಾಚ್ ಹೋಗೋದಿತ್ತು ಸರ್.
ಅಲ್ಲಿ ಕಾಲಿಡಬಾರ್ದು ಅಂತ.’
ಅವರು ಏನೂ ಅನ್ನಲಿಲ್ಲ. ಪುಟ ತಿರುವಿದರು.
ಮುಂದಿನ ಪ್ರಶ್ನೆ ಓಝೋನಿನದು; ತಪ್ಪು ಹೇಳಿದೆ.

ಚೌಕ ಈಗ ಲ್ಯಾಬಿನ ಮೊಳೆಗೆ ತೂಗುತ್ತಿದೆ.
ನಡುವೆ ಒಂದು ಮೀಟರ್ ಸುಣ್ಣದ ಗೋಡೆ.
ಇವತ್ತು: ಹಲ್ಲಿ ಒಂದು.