ಒಳನೂಲು

ಯಂತ್ರ ಬಂದ ದಿನ ಅತ್ತೆ ಅದರ ಕಡೆ ತಿರುಗಲಿಲ್ಲ.
ಜಪಾನಿನದು, ಇನ್ನೂರು ಸೂಜಿ,
ಲೆರ್ವಿಕ್ಕಿನ ಅಂಗಡಿಯಿಂದ ಕಂತಿನ ಮೇಲೆ ತಂದದ್ದು.
ಅಡುಗೆಮನೆಯ ಮೇಜಿಗೆ ಕಚ್ಚಿಸಿ ನಿಲ್ಲಿಸಿದ ಮೇಲೆ
ಉಣ್ಣಲು ಜಾಗವಿಲ್ಲದೆ
ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ತಿಂದೆವು, ಚಳಿಗಾಲವಿಡೀ.

"ಕುರಿಯನ್ನು ಹಲ್ಲು ಎಣಿಸಿ ಕೊಳ್ಳುತ್ತಾರೆ.
ಇದಕ್ಕೆ ಇನ್ನೂರು. ಮುದಿಯೋ ಎಳೆಯದೋ,"
ಅಂದರು ಆಂಡ್ರಿನಾ. ಅಷ್ಟೇ.

ಅವರ ಸೊಂಟದ ಚರ್ಮದ ಪಟ್ಟಿ,
ಸೂಜಿ ಊರಿ ಊರಿ ಜರಡಿಯಾದದ್ದು,
ಮೊಳೆಗೆ ನೇತಾಡುತ್ತಿತ್ತು. ಕಣ್ಣಿಗೆ ಪೊರೆ ಬಂದ ಮೇಲೆ
ರಾಟೆಯೊಂದೇ ಉಳಿಯಿತು; ಅದಕ್ಕೆ ಬೆರಳು ಸಾಕು.
ಆಮೇಲೆ ಬೆರಳೂ ಸೊಟ್ಟಗಾದವು.

ಕೊನೆಗೆ ನೂತದ್ದು ಎಂಟು ಲಡಿ,
ಕಂದು ಕುರಿಯ ಉಣ್ಣೆ, ನಮ್ಮ ಯೆಲ್ ದ್ವೀಪದಲ್ಲಿ ಮೂರಿಟ್ ಅನ್ನುತ್ತೇವೆ,
ಒಂದು ಕಡೆ ಬಾರ್ಲಿ ಕಾಳಿನಷ್ಟು ದಪ್ಪ, ಒಂದು ಕಡೆ ಕೂದಲು.
ವ್ಯಾಪಾರಿ ಗಿಬ್ಬಿ ಮೂಸಿ ನೋಡಿ
ಮೇಜಿನ ಮೇಲೇ ಬಿಟ್ಟು ಹೋದ.

ಅತ್ತೆ ಚರ್ಚಿಗೆ ಹೋದ ಭಾನುವಾರ
(ಆ ದಿನ ಸೂಜಿ ಮುಟ್ಟುವುದು ಪಾಪ; ಯಂತ್ರದ ಸೂಜಿಯ ಬಗ್ಗೆ
ಪಾದ್ರಿ ಇನ್ನೂ ಏನೂ ಹೇಳಿರಲಿಲ್ಲ)
ಆ ನೂಲನ್ನು ಒಂಟಿಯಾಗಿ ಹಾಕಿ ನೋಡಿದೆ.
ಗಾಡಿ ನಾಲ್ಕು ಸೂಜಿ ದಾಟಿ ಕಚ್ಚಿಕೊಂಡಿತು.
ನೂಲು ಹರಿದು, ಹೆಣಿಗೆಯೆಲ್ಲ ಕಳಚಿ,
ಭಾರದ ಕಂಬಿಯ ಸಮೇತ ನನ್ನ ಪಾದದ ಮೇಲೆ.

ಪೆಟ್ಟಿಗೆಯ ತಳದಲ್ಲಿ ಎಣ್ಣೆ ಕಾಗದ ಸುತ್ತಿದ
ಸಣ್ಣ ಲೋಹದ ಮೂಗೊಂದು ಇತ್ತು, ಎರಡು ಹೊಳ್ಳೆಯದು.
ಮುಂದಿನ ಹೊಳ್ಳೆಗೆ ಒಂದು ನೂಲು, ಹಿಂದಿನದಕ್ಕೆ ಇನ್ನೊಂದು.
ಒಂದೇ ಕೊಕ್ಕೆಗೆ ಎರಡೂ ಬೀಳುತ್ತವೆ,
ಒಂದು ಮುಖಕ್ಕೆ, ಇನ್ನೊಂದು ಮೈಗೆ.

ಇಲ್ಲಿ ಮಗುವಿಗೆ ಮೊದಲು ಕಲಿಸುವ ಮಾತು:
ಎರಡು ದೋಣಿಯಲ್ಲಿ ಕಾಲಿಡಬೇಡ.
ಗಾದೆಯಲ್ಲ ಅದು. ದಕ್ಕೆಯ ಮೇಲೆ ನಿಂತು ತೋರಿಸಿ ಹೇಳುವುದು.
ನಾನು ಇಟ್ಟೆ.

ಕಾರ್ಖಾನೆಯ ಸಣ್ಣ ಬೂದು ನೂಲು ಮುಂದೆ,
ಅತ್ತೆಯದು ಹಿಂದೆ.
ತಲೆಯ ಮೇಲೆ ತಂತಿಗಳು ಸಿಗಡಿ ಮೀಸೆಯ ಹಾಗೆ ಅಲ್ಲಾಡಿದವು.
ಉಸಿರು ಹಿಡಿದು ತಳ್ಳಿದೆ. ಝರ್ರ್.
ಹೋಯಿತು.
ಸಣ್ಣದು ಎಳೆತವನ್ನೆಲ್ಲ ತಾನು ಹೊತ್ತಿತು,
ದಪ್ಪದ್ದು ಅದರ ಹಿಂದೆ, ಮುದುಕಿ ಬಸ್ಸು ಹತ್ತಿದ ಹಾಗೆ,
ಕಂಬಿ ಹಿಡಿದುಕೊಂಡು.
ಅಲ್ಲಲ್ಲಿ ಎರಡೂ ಜಾಗ ಬದಲಿಸಿ
ಬೂದಿನ ನಡುವೆ ಒಂದೊಂದು ಕಂದು ಕಣ್ಣು.
ತಪ್ಪು ನನ್ನದೇ, ಬಿಗಿ ಸಾಲದು.

ಬೆನ್ನಿನ ತುಂಡು ಮುಗಿದ ರಾತ್ರಿ ಅತ್ತೆ ಕೈ ಚಾಚಿದರು.
ಮೇಲೆ ಸವರಿ, "ಗಿಬ್ಬಿಯ ನೂಲು," ಅಂದರು,
ಹಳಸಿದ ಮೀನು ಮುಟ್ಟಿದವರ ಮುಖ ಮಾಡಿ.
ಮಗುಚಿದರು.
ಬೆರಳು ನಡೆಯಿತು, ನಿಂತಿತು, ಹಿಂದೆ ಹೋಯಿತು.
ಬಹಳ ಹೊತ್ತು.
"ಇಲ್ಲಿ ನನಗೆ ಕೆಮ್ಮು ಬಂದಿತ್ತು."
ಎರಡು ಬೆರಳು ಆಚೆ:
"ಇಲ್ಲಿ ನೀನು ಬಾಗಿಲು ತೆರೆದಿಟ್ಟು ಹೋಗಿದ್ದೆ. ಗಾಳಿ."
ಅಂಚಿನ ಹತ್ತಿರ ಒಂದು ಗಂಟು. ಅದರ ಬಗ್ಗೆ ಏನೂ ಹೇಳಲಿಲ್ಲ;
ಹೆಬ್ಬೆರಳನ್ನು ಅಲ್ಲೇ ಇಟ್ಟುಕೊಂಡರು.

ಒಲೆಗೆ ಮಣ್ಣಿನ ಹೆಂಟೆ ಹಾಕಲು ನಾನು ಎದ್ದೆ.

"ಯಾರಿಗೆ ಇದು?"
"ಗಿಬ್ಬಿಗೆ. ಅವನು ಯಾರಿಗೋ. ಎಡಿನ್‌ಬರೋ, ಇಲ್ಲಾ ಇನ್ನೂ ಆಚೆ."
"ಎಷ್ಟು ಕೊಡುತ್ತಾನೆ?"
ಹೇಳಿದೆ.
"ಒಳಗಿನದಕ್ಕೆ?"
"ಒಳಗಿನದು ಅವನಿಗೆ ಕಾಣಲ್ಲ."
"ಹಾಗಾದರೆ ಅದನ್ನು ನಾವು ಮಾರಿದ ಹಾಗಾಗಲಿಲ್ಲ.
ನೂಲು ಎಷ್ಟು ಉಳಿದಿದೆ?"
"ಒಂದೂವರೆ ಲಡಿ."
ತುಟಿ ಅಲ್ಲಾಡಿತು, ಲೆಕ್ಕ.
"ತೋಳಿಗೆ ಸಾಲದು."

ಸಾಲಲಿಲ್ಲ. ಭುಜದಿಂದ ಇಳಿದು ಮುಂಗೈ ಮುಟ್ಟುವ ಮೊದಲೇ
ಹಿಂದಿನ ಹೊಳ್ಳೆ ಖಾಲಿ.
ಗಾಡಿಯ ಸದ್ದು ಬೇರೆಯಾಯಿತು; ಅತ್ತೆ ತಲೆ ಎತ್ತಿದರು.
ಉಳಿದ ಇಪ್ಪತ್ತು ಸಾಲು ಬೂದೊಂದೇ.

ಎಲ್ಲೋ ಒಂದು ಊರಿನ ಬಸ್ ನಿಲ್ದಾಣದಲ್ಲಿ
ಯಾರೋ ತೋಳನ್ನು ಎಳೆದೆಳೆದು
ಮುಂಗೈ ಮುಚ್ಚಿಕೊಳ್ಳುತ್ತಿರಬಹುದು,
ಮೈಯೆಲ್ಲ ಬೆಚ್ಚಗಿದ್ದೂ
ಅಲ್ಲಿ ಮಾತ್ರ ಯಾಕೆ ಚಳಿ ಎಂದು ತಿಳಿಯದೆ.